ತೊಟ್ಟಿ ಒಳಗೋ, ಹೊರಗೋ?

ಊರಿನ ನಮ್ಮ ಹಳೆಯ ಮನೆಯ ನಕ್ಷೆಯನ್ನು ಕಂಪ್ಯೂಟರಿನಲ್ಲಿ ಸಿದ್ಧಪಡಿಸುತ್ತಿದ್ದ ತಂಗಿಯ ಮಗ ಕಳೆದ ತಿಂಗಳು ಕೇಳಿದ: “ಮಾವ, ತೊಟ್ಟಿಯನ್ನು ಒಳಗೆಂದು ಬರೆಯಲೋ, ಹೊರಗೆಂದೋ?” ನಾನು ಉತ್ತರಿಸುವ ಮೊದಲೇ, ಮಳೆ ಬೀಳುವ ಜಾಗವಾದ್ದರಿಂದ ಹೊರಗೆಂದು ತೀರ್ಮಾನಿಸಿ, ಅಂಗಳದ ಬಣ್ಣವನ್ನೇ ಅದಕ್ಕೂ ಬಳಿದ. ಹೆಂಚಿನ ಮಾಡಿರುವ ಜಗುಲಿ ಒಳಗಾಯಿತು.

ಅವನದು ತೀರ ಹುಡುಗಾಟವಲ್ಲ. ಓಪನ್ ಸ್ಟ್ರೀಟ್ ಮ್ಯಾಪ್‌ನಲ್ಲಿಯೂ ಇಂತಹ ತೊಟ್ಟಿಯನ್ನು ಕಟ್ಟಡದ ಆಕೃತಿಯ ನಡುವಿನ ತೂತಾಗಿಯೇ ಬರೆಯುತ್ತಾರೆ. ಆಕಾಶದಿಂದ ನೋಡುವವರಿಗೆ ಮಾಡೇ ಮನೆ. ಸ್ವಾಮಿತ್ವ ಯೋಜನೆಯಡಿ 2020ರಿಂದ ಹಳ್ಳಿಗಳ ಮನೆಗಳನ್ನು ಡ್ರೋನ್‌ನಿಂದ ಅಳೆಯುವಾಗ ಮೊದಲು ನೆಲದ ಮೇಲೆ ಸುಣ್ಣದಿಂದ ಗಡಿ ಗುರುತಿಸಿಕೊಂಡದ್ದು ಸುಮ್ಮನಲ್ಲ. ಮೇಲಿನಿಂದ ಕಾಣುವುದು ಸೂರಿನ ಅಂಚು, ಅದರ ಅಡಿಯ ಗೋಡೆಯಲ್ಲ.

ಆದರೂ ನನಗೆ ಒಪ್ಪಿಗೆಯಾಗಲಿಲ್ಲ. ಸಂತೆಯಿಂದ ಹಿಂದಿರುಗುವವರು ನಮ್ಮ ಜಗುಲಿಯಲ್ಲಿ ಯಾರನ್ನೂ ಕೇಳದೆ ಕುಳಿತು ದಣಿವಾರಿಸಿಕೊಳ್ಳುತ್ತಿದ್ದರು. ತೊಟ್ಟಿಗೆ ಬರಬೇಕಾದರೆ ಹೊಸ್ತಿಲು ದಾಟಬೇಕು. ಅಮ್ಮ ಅಲ್ಲಿ ಹಪ್ಪಳ ಹರಡಿ, ತಲೆಬಾಗಿಲು ಮುಚ್ಚಿ, ಮಧ್ಯಾಹ್ನ ನಿಶ್ಚಿಂತೆಯಿಂದ ಮಲಗುತ್ತಿದ್ದರು. ನನ್ನ ಶಿಷ್ಯರಿಗೆ ಇದು ಚೆನ್ನಾಗಿ ಗೊತ್ತು. ಗದ್ದಲ ಮಾಡಿದವರನ್ನು “ಹೊರಗೆ ನಿಲ್ಲು” ಎಂದು ನಾನು ಕಳುಹಿಸುತ್ತಿದ್ದುದು ಶಾಲೆಯ ಜಗುಲಿಗೆ. ತಲೆಯ ಮೇಲೆ ಹೆಂಚಿದೆ, ಆದ್ದರಿಂದ ಒಳಗೇ ಇದ್ದೇವೆಂದು ನಿಮ್ಮಲ್ಲಿ ಯಾರೂ ವಾದಿಸಿದ ನೆನಪಿಲ್ಲ.

2016ರ ರಿಯಲ್ ಎಸ್ಟೇಟ್ ಕಾಯ್ದೆ ಕೂಡ ಫ್ಲಾಟಿನ ಕಾರ್ಪೆಟ್ ಏರಿಯಾವನ್ನು ಲೆಕ್ಕ ಹಾಕುವಾಗ ಬಾಲ್ಕನಿಯನ್ನೂ ವರಾಂಡವನ್ನೂ ಸೇರಿಸುವುದಿಲ್ಲ. ಮಾಡಿದ್ದ ಮಾತ್ರಕ್ಕೆ ಒಳಗಾಗದು ಎಂಬುದು ಅಲ್ಲಿಯೂ ಇದೆ.

ಬಣ್ಣದ ವಿಷಯಕ್ಕೆ ಇಷ್ಟೇಕೆ ಎನ್ನಬೇಡಿ. ಈ ನಕ್ಷೆಯನ್ನು ಮುಂದಿಟ್ಟುಕೊಂಡೇ ನಾವು ನಾಲ್ವರು ಮನೆಯನ್ನು ಪಾಲು ಮಾಡಿಕೊಳ್ಳಬೇಕಾಗಿದೆ. ತೊಟ್ಟಿ ಬರಿಯ ಖಾಲಿ ಜಾಗವೆಂದಾದರೆ ಯಾರಾದರೊಬ್ಬರ ಪಾಲಿಗೆ ಬಂದು, ನಾಳೆ ಅಲ್ಲಿ ಗೋಡೆ ಏಳಬಹುದು. ಸುತ್ತಲಿನ ಕೋಣೆಗಳಿಗೆ ಗಾಳಿ ಬೆಳಕು ಬರುವುದು ಅಲ್ಲಿಂದಲೇ. ಅದನ್ನು ಮನೆಯ ಒಳಭಾಗವೆಂದೂ ಎಲ್ಲರಿಗೂ ಸೇರಿದ್ದೆಂದೂ ಬರೆಯತಕ್ಕದ್ದು.

ಹುಡುಗನಿಗೆ ಒಂದೇ ಬಣ್ಣದ ಬದಲು ಪ್ರತಿಯೊಂದು ಜಾಗಕ್ಕೂ ಎರಡು ಪ್ರಶ್ನೆ ಕೇಳಿಕೊಳ್ಳಲು ಹೇಳಿದೆ: ಮೇಲೆ ಮಾಡಿದೆಯೇ? ತಲೆಬಾಗಿಲು ಹಾಕಿದರೆ ಅದು ಒಳಗುಳಿಯುವುದೇ? ನಕ್ಷೆ ಈಗ ಬಹುಮಟ್ಟಿಗೆ ಸರಿಹೋಗಿದೆ. ಬಚ್ಚಲಿಗೆ ಹೋಗುವ ಓಣಿಯೊಂದು ಉಳಿದಿದೆ: ಮಾಡುಂಟು, ಗೋಡೆ ಒಂದೇ ಪಕ್ಕ, ಬಾಗಿಲು ಹಿತ್ತಿಲ ಕಡೆಗೆ. ಅಣ್ಣನವರು ಒಳಗೆನ್ನುತ್ತಾರೆ, ನಾನು ಹೊರಗೆನ್ನುತ್ತೇನೆ.