ಅಂಗಳದ ಸೊಡರು

ಸಂಜೆಯಾಗುತ್ತಲೇ ಹೊಸ್ತಿಲ ಬಳಿಯ ಗೂಡಿನಲ್ಲಿ ಹಣತೆಯಿಡುವ ಪದ್ಧತಿ ಕನ್ನಡ ನಾಡಿನ ಮನೆಗಳಲ್ಲಿ ಬಹುಕಾಲದಿಂದ ನಡೆದುಬಂದಿದೆ. ಹೊರಗಿನಿಂದ ಬರುವವನಿಗೆ ದಾರಿ ಕಾಣಲೆಂಬುದು ಅದರ ಉದ್ದೇಶಗಳಲ್ಲೊಂದು. ಆದರೂ ಮನೆಯ ಒಳಗಿನ ಬೆಳಕಿಗೆ ಸಲ್ಲುವ ಗಮನ ಹೊರಗಿನ ಬೆಳಕಿಗೆ ಸಲ್ಲುವುದು ವಿರಳ. ನಡುಮನೆ ಬೆಳಗುತ್ತಿರುವಾಗಲೂ ಅಂಗಳ, ಹಿತ್ತಿಲು, ಕೊಟ್ಟಿಗೆ, ಬಾವಿಕಟ್ಟೆ, ಹೊರಗಿನ ಬಚ್ಚಲಿಗೆ ಹೋಗುವ ದಾರಿ, ಇವು ಕತ್ತಲೆಯಲ್ಲಿಯೇ ಉಳಿಯುತ್ತವೆ. ವೃದ್ಧರು ಎಡವಿ ಬೀಳುವುದಕ್ಕೂ, ಮಳೆಗಾಲದ ರಾತ್ರಿ ಹಾವು ಚೇಳುಗಳನ್ನು ತುಳಿಯುವುದಕ್ಕೂ ಇಂತಹ ಎಡೆಗಳೇ ಆಸ್ಪದವಾಗುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯು 2017ರಲ್ಲಿ ಹಾವು ಕಡಿತವನ್ನು ಉಪೇಕ್ಷಿತ ಉಷ್ಣವಲಯ ರೋಗಗಳ ಪಟ್ಟಿಗೆ ಸೇರಿಸಿದುದು ಈ ವಿಷಯದ ಗಾಂಭೀರ್ಯವನ್ನು ಸೂಚಿಸುತ್ತದೆ. ಆದುದರಿಂದ ಅಂಗಳದ ದೀಪವನ್ನು ಬರಿಯ ಅಲಂಕಾರದ ಮಾತೆಂದು ತಳ್ಳಿಹಾಕಲಾಗದು.

ದೀಪದ ವಿಷಯದಲ್ಲಿ ಈ ನಾಡಿನ ಇತಿಹಾಸ ಹಿರಿದು. 1902ರಲ್ಲಿ ಶಿವನಸಮುದ್ರದ ಜಲವಿದ್ಯುತ್ತು ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿತು. 1954ರಲ್ಲಿ ಅಮೆರಿಕೆಯ ಬೆಲ್ ಪ್ರಯೋಗಾಲಯದಲ್ಲಿ ಸಿಲಿಕಾನ್ ಸೌರಕೋಶ ಸಿದ್ಧವಾದ ಮೇಲೆ ಬಿಸಿಲಿನಿಂದಲೇ ವಿದ್ಯುತ್ತನ್ನು ಪಡೆಯುವ ಮಾರ್ಗ ತೆರೆಯಿತು. ಮಳೆ ಕಾಣದೆ ಬಳಲುತ್ತಿದ್ದ ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನಲ್ಲಿ ಇಂದು 2050 ಮೆಗಾವಾಟ್ ಸಾಮರ್ಥ್ಯದ ಸೌರ ಉದ್ಯಾನ ನೆಲಸಿದೆ. ಅದೇ ತತ್ತ್ವದ ಕಿರಿಯ ರೂಪವೇ ಅಂಗಳದ ಸೌರದೀಪ. ಹಗಲು ಫಲಕವು ಬಿಸಿಲನ್ನು ವಿದ್ಯುತ್ತಾಗಿಸುತ್ತದೆ, ಬ್ಯಾಟರಿಯು ಅದನ್ನು ಕೂಡಿಡುತ್ತದೆ, ಕತ್ತಲಾಗುತ್ತಲೇ ಎಲ್‌ಇಡಿ ಅದನ್ನು ಬೆಳಕಾಗಿಸುತ್ತದೆ. ತಂತಿಯೆಳೆಯುವ ಗೋಜಿಲ್ಲ, ತಿಂಗಳ ಬಿಲ್ಲಿನ ಭಾರವಿಲ್ಲ, ಕರೆಂಟು ಹೋಯಿತೆಂಬ ಚಿಂತೆಯೂ ಇಲ್ಲ.

ಇಷ್ಟು ಗುಣಗಳಿದ್ದರೂ ಕೊಂಡ ವರ್ಷದೊಳಗೆ ಹಿತ್ತಿಲ ಮೂಲೆ ಸೇರುವ ಸೌರದೀಪಗಳು ಕಡಮೆಯಲ್ಲ. ದೋಷವು ಬಹುಮಟ್ಟಿಗೆ ಆಯ್ಕೆಯದು. ಕೊಳ್ಳುವವರು ಆಕಾರಕ್ಕೆ ಮರುಳಾಗುತ್ತಾರೆ, ಇಲ್ಲವೆ ಪೆಟ್ಟಿಗೆಯ ಮೇಲೆ ಅಚ್ಚಾದ ಅಂಕಿಗೆ ಮರುಳಾಗುತ್ತಾರೆ. ದೀಪಕ್ಕಿಂತ ಮೊದಲು ಬಿಸಿಲನ್ನು ಅಳೆಯಬೇಕೆಂಬ ವಿವೇಕ ಮರೆತುಹೋಗುತ್ತದೆ.

ಲೆಕ್ಕ ಸುಲಭವಾದುದು. ನಡುಹಗಲಿನ ನಿರಭ್ರ ಬಿಸಿಲು ಒಂದು ಚದರ ಮೀಟರಿನ ಮೇಲೆ ಸುಮಾರು 1000 ವಾಟ್ ಶಕ್ತಿಯನ್ನು ಸುರಿಸುತ್ತದೆ. ಒಳ್ಳೆಯ ಫಲಕವು ಅದರಲ್ಲಿ ಐದರಲ್ಲೊಂದು ಪಾಲನ್ನು ವಿದ್ಯುತ್ತಾಗಿಸಬಲ್ಲುದು. ಹತ್ತು ಸೆಂಟಿಮೀಟರ್ ಉದ್ದ, ಅಷ್ಟೇ ಅಗಲವಿರುವ ಅಂಗೈಯಷ್ಟು ಫಲಕದಿಂದ ಹೊರಡುವುದು ಹೆಚ್ಚೆಂದರೆ 2 ವಾಟ್. ದಿನವೊಂದಕ್ಕೆ ಐದು ಗಂಟೆಗಳ ಪೂರ್ಣ ಬಿಸಿಲಿಗೆ ಸಮನಾದ ಬೆಳಕು ದೊರೆತರೆ ಕೂಡುವ ಸಂಗ್ರಹ 10 ವಾಟ್-ಗಂಟೆ. ಇಂತಹ ಫಲಕವನ್ನು ಹೊತ್ತ ದೀಪದ ಮೇಲೆ ‘100 ವಾಟ್’ ಎಂದು ಬರೆದಿದ್ದರೆ, ಆ ಮಾತು ನಿಜವಾದ ಪಕ್ಷದಲ್ಲಿ ದೀಪವು ಆರು ನಿಮಿಷಗಳಲ್ಲಿ ಆರಿಹೋಗತಕ್ಕುದು. ಅದು ರಾತ್ರಿಯಿಡೀ ಉರಿಯುವುದೆಂದೂ ಅದೇ ಪೆಟ್ಟಿಗೆ ಹೇಳುತ್ತಿದ್ದರೆ ಎರಡು ಮಾತುಗಳಲ್ಲಿ ಒಂದಾದರೂ ಸುಳ್ಳಾಗಲೇಬೇಕು. ಹಾಸಿಗೆಯಿದ್ದಷ್ಟು ಕಾಲು ಚಾಚೆಂಬ ನಾಣ್ಣುಡಿ ಸೌರದೀಪಕ್ಕೆ ಅಕ್ಷರಶಃ ಸಲ್ಲುತ್ತದೆ. ನಷ್ಟವನ್ನು ಕಳೆದು ಹತ್ತು ಗಂಟೆಗಳ ಕಾಲ ಉರಿಯಲು ಆ ಫಲಕ ಒದಗಿಸಬಲ್ಲುದು ಮುಕ್ಕಾಲು ವಾಟ್ ಮಾತ್ರ. ಬೆಳಕಿನ ಅಳತೆಯಾದ ಲೂಮೆನ್ನಿನಲ್ಲಿ ಅದು ಸುಮಾರು ಎಪ್ಪತ್ತೈದು. ಕಾಲುದಾರಿಯ ಮೆಟ್ಟಿಲು ಕಾಣಲು ಅಷ್ಟು ಸಾಲುತ್ತದೆ. ಇಡೀ ಅಂಗಳವನ್ನು ಹಗಲುಮಾಡಲು ಸಾಲದು. ಹಿಂದಿನ 40 ವಾಟಿನ ಬುರುಡೆಯಷ್ಟು, ಎಂದರೆ ಸುಮಾರು 400 ಲೂಮೆನ್ ಬೆಳಕು ರಾತ್ರಿಯಿಡೀ ಬೇಕಾದವರು ಅದಕ್ಕೆ ತಕ್ಕಂತೆ ಹಲವು ಪಟ್ಟು ದೊಡ್ಡ ಫಲಕವುಳ್ಳ ದೀಪವನ್ನೇ ಅರಸಬೇಕು.

ಫಲಕದ ಗಾತ್ರದಷ್ಟೇ ಅದರ ನೆಲೆಯೂ ಮುಖ್ಯ. ಮಾವು, ಹಲಸು, ತೆಂಗುಗಳ ನೆರಳಿನಲ್ಲಿ ನೆಟ್ಟ ದೀಪ ಹಸಿದುಕೊಂಡೇ ಇರುತ್ತದೆ. ಫಲಕದ ಕೋಶಗಳು ಒಂದಕ್ಕೊಂದು ಸರಪಳಿಯಂತೆ ಹೊಂದಿಕೊಂಡಿರುವುದರಿಂದ ಒಂದು ಮೂಲೆಗೆ ಬಿದ್ದ ನೆರಳೂ ಇಡೀ ಫಲಕದ ಇಳುವರಿಯನ್ನು ಕುಗ್ಗಿಸುತ್ತದೆ. ನೆರಳಿನ ಹಿತ್ತಿಲುಳ್ಳವರು ಫಲಕವನ್ನು ಮಾಡಿನ ಮೇಲೆ ದಕ್ಷಿಣಾಭಿಮುಖವಾಗಿರಿಸಿ ತಂತಿಯಿಂದ ದೀಪಕ್ಕೆ ಜೋಡಿಸುವ ಬಗೆಯನ್ನು ಕೊಳ್ಳುವುದು ಲೇಸು. ಮಲೆನಾಡು ಕರಾವಳಿಗಳಲ್ಲಿ ಆಷಾಢ ಶ್ರಾವಣಗಳ ಮೋಡ ವಾರಗಟ್ಟಲೆ ಕವಿದಿರುವಾಗ ಫಲಕದ ಗಳಿಕೆ ತೀರ ಇಳಿಯುತ್ತದೆ. ಅಲ್ಲಿಯವರು ಎರಡು ಮೂರು ರಾತ್ರಿಗಳ ಸಂಗ್ರಹವುಳ್ಳ ಬ್ಯಾಟರಿಯನ್ನು ನೋಡಿಕೊಳ್ಳಬೇಕು. ಬಯಲುಸೀಮೆಯ ಶತ್ರು ಧೂಳು. ವಾರಕ್ಕೊಮ್ಮೆ ಒದ್ದೆಬಟ್ಟೆಯಿಂದ ಒರೆಸಿದರೆ ಅದು ನೀಗುತ್ತದೆ. ಬೀದಿದೀಪದ ಬೆಳಕು ನೇರವಾಗಿ ಬೀಳುವಲ್ಲಿ ನೆಟ್ಟರೆ ಸೌರದೀಪವು ಇನ್ನೂ ಹಗಲೆಂದೇ ಭ್ರಮಿಸಿ ಉರಿಯದಿರುವುದುಂಟು.

ಬ್ಯಾಟರಿಯು ದೀಪದ ಆಯುಷ್ಯ. ದಿನಕ್ಕೊಮ್ಮೆ ತುಂಬಿ ದಿನಕ್ಕೊಮ್ಮೆ ಬರಿದಾಗುವುದು ಅದರ ಕಾಯಕ. ನಿಕ್ಕಲ್ ಜಾತಿಯ ಅಗ್ಗದ ಬ್ಯಾಟರಿಗಳು ಒಂದೆರಡು ವರ್ಷಗಳಲ್ಲಿ ಬಳಲುತ್ತವೆ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯು ಸಾವಿರಕ್ಕೂ ಮೀರಿದ ಆವೃತ್ತಿಗಳನ್ನು ತಾಳಬಲ್ಲುದು, ಬಿಸಿಲ ಝಳವನ್ನೂ ಹೆಚ್ಚು ಸಹಿಸಬಲ್ಲುದು. ಬೆಲೆ ತುಸು ಹೆಚ್ಚಾದರೂ ವರ್ಷಗಳಿಂದ ಭಾಗಿಸಿ ನೋಡಿದರೆ ಇದೇ ಅಗ್ಗ. ಯಾವ ಜಾತಿಯದಾದರೂ ತಿರುಪು ಬಿಚ್ಚಿ ಬದಲಿಸಲು ಬರುವಂತಿರಬೇಕು. ಅಂಟುಹಾಕಿ ಮುಚ್ಚಿದ ದೀಪದಲ್ಲಿ ಬ್ಯಾಟರಿ ಸತ್ತ ದಿನವೇ ಇನ್ನೂ ಬಾಳಬಹುದಾದ ಫಲಕವೂ ಎಲ್‌ಇಡಿಯೂ ಕಸವಾಗುತ್ತವೆ. ಸತ್ತ ಬ್ಯಾಟರಿಯನ್ನು ತಿಪ್ಪೆಗೆಸೆಯುವುದು ಸಲ್ಲದು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಅದನ್ನು ಮರಳಿ ಪಡೆದು ಸಂಸ್ಕರಿಸುವ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಬಳಸಿದವರು ಅದನ್ನು ಬೇರೆ ಕಸದೊಡನೆ ಬೆರೆಸದೆ ಒಪ್ಪಿಸಬೇಕು.

ಮಳೆಗೆ ನಿಲ್ಲುವ ಶಕ್ತಿಯನ್ನು ‘ಐಪಿ’ ಎಂಬ ಅಂಕಿತದಿಂದ ಅರಿಯಬಹುದು. ಅದರ ಮೊದಲ ಅಂಕಿ ಧೂಳಿಗೆ, ಎರಡನೆಯದು ನೀರಿಗೆ ಸಂಬಂಧಿಸಿದುದು. ಸೂರಿನ ಕೆಳಗೆ ಐಪಿ 44 ಸಾಕು. ಬಯಲಿನಲ್ಲಿ ನಿಲ್ಲುವ ದೀಪಕ್ಕೆ ಐಪಿ 65 ಇರತಕ್ಕುದು.

ಇನ್ನುಳಿದುದು ಬೆಳಕಿನ ಮಿತಿ. ಎಷ್ಟು ಬೆಳಕಿದ್ದರೂ ಒಳ್ಳೆಯದೇ ಎಂಬ ಭಾವನೆ ಪಟ್ಟಣಗಳಿಂದ ಹಳ್ಳಿಗೂ ಹಬ್ಬಿದೆ. ಕಣ್ಣು ಕೋರೈಸುವ ನೀಲಿಬಿಳುಪು ಬೆಳಕಿನ ಆಚೆಯ ಕತ್ತಲೆ ಇನ್ನಷ್ಟು ದಟ್ಟವಾಗಿ ಕಾಣುತ್ತದೆ. ಕೀಟಗಳು ಅದಕ್ಕೆ ಹೆಚ್ಚಾಗಿ ಮುತ್ತುತ್ತವೆ. ಮುಂಗಾರಿನ ಮುನ್ನ ಪಶ್ಚಿಮಘಟ್ಟದ ಮರಗಳಲ್ಲಿ ಮಿನುಗುವ ಮಿಂಚುಹುಳುಗಳು ಸಂಗಾತಿಯನ್ನು ಅರಸುವುದು ತಮ್ಮ ಬೆಳಕಿನ ಸಂಕೇತದಿಂದ. ಮಾನವನ ದೀಪ ಪ್ರಖರವಾದಲ್ಲಿ ಆ ಸಂಕೇತ ಮಂಕಾಗುತ್ತದೆ. ತೋಟದ ಗಿಡಮರಗಳಿಗೂ ಹಕ್ಕಿಪಕ್ಕಿಗಳಿಗೂ ಇರುಳು ಇರುಳಾಗಿಯೇ ಬೇಕು. ಆದಕಾರಣ 2700ರಿಂದ 3000 ಕೆಲ್ವಿನ್ ಎಂದು ನಮೂದಾದ, ಹಣತೆಯ ಹೊಂಬಣ್ಣಕ್ಕೆ ಸಮೀಪವಾದ, ನೆಲದತ್ತ ಬಾಗಿದ ದೀಪವೇ ಮನೆಗೆ ತಕ್ಕುದು. ಮನುಷ್ಯನ ಮೈಶಾಖವನ್ನು ಗುರುತಿಸಿ ಹೊತ್ತಿಕೊಂಡು ಕ್ಷಣಗಳ ಬಳಿಕ ತಾನೇ ಮಂಕಾಗುವ ದೀಪಗಳೂ ಉಂಟು. ಕೊಟ್ಟಿಗೆಗೂ ಬಚ್ಚಲ ದಾರಿಗೂ ಅವು ಅತ್ಯಂತ ಉಚಿತವಾದುವು. ಸಂಗ್ರಹವೂ ಉಳಿಯುತ್ತದೆ, ಕತ್ತಲೆಯೂ ಕೆಡುವುದಿಲ್ಲ.

ಸಾರಾಂಶವಿಷ್ಟು: ಹೆಜ್ಜೆಯಿಡುವಲ್ಲಿ ಬೆಳಕಿರಲಿ, ಬಿಸಿಲಿರುವಲ್ಲಿ ಫಲಕವಿರಲಿ, ಕೈಯಿಂದ ರಿಪೇರಿಯಾಗುವ ದೀಪವಿರಲಿ. ಹತ್ತು ಆಟಿಕೆಯ ದೀಪಗಳನ್ನು ಸಾಲಾಗಿ ನೆಡುವ ಹಣದಲ್ಲಿ ಒಳ್ಳೆಯ ಎರಡು ದೀಪಗಳು ದೊರೆಯಬಹುದು. ಶಾಲೆಯ ಮಕ್ಕಳು ಮನೆಯ ಹಿರಿಯರಿಗೆ ಈ ಕಾರ್ಯದಲ್ಲಿ ನೆರವಾಗಬಲ್ಲರು. ಒಂದು ಇರುಳು ಅಜ್ಜ ಅಜ್ಜಿಯರೊಡನೆ ಹಿತ್ತಿಲಲ್ಲಿ ನಡೆದು ಅವರ ಕಾಲು ತಡವರಿಸುವ ಎಡೆಗಳನ್ನು ಗುರುತಿಸಲಿ. ಒಂದು ರಜೆಯ ದಿನ ಬೆಳಗ್ಗೆ ಒಂಬತ್ತು, ನಡುಹಗಲು, ಸಂಜೆ ಮೂರು, ಈ ಮೂರು ಹೊತ್ತುಗಳಲ್ಲಿ ಅಂಗಳದ ನೆರಳು ಎಲ್ಲೆಲ್ಲಿ ಬೀಳುವುದೆಂದು ಸುಣ್ಣದಿಂದ ಗೆರೆಯೆಳೆಯಲಿ. ಆ ಎರಡು ಗುರುತುಗಳನ್ನು ಹಿಡಿದು ಅಂಗಡಿಗೆ ಹೋದವರಿಗೆ ಪೆಟ್ಟಿಗೆಯ ಮೇಲಿನ ದೊಡ್ಡ ಅಂಕಿಗಳಿಂದ ಮೋಸವಾಗುವ ಭಯವಿರದು.