ಬರೀ ರಾಗಿ ಎರಚಿ ಮೊಟ್ಟೆ ಕೇಳಿದರೆ ಹೇಗೆ?

ಕೊಡಿಗೇನಹಳ್ಳಿ, ಮಧುಗಿರಿ ಕಡೆಯಿಂದ ಬೆಂಗಳೂರಿಗೆ ಬಂದು ರೂಮು ಮಾಡಿಕೊಂಡಿರುವ ತಮ್ಮಂದಿರೇ, ತಂಗಿಯರೇ! "ಕೋಳಿ ಸರಿಯಾಗಿ ಮೊಟ್ಟೆ ಇಡ್ತಿಲ್ಲ ಕಣಪ್ಪ" ಎಂದು ಊರಿಂದ ಅಮ್ಮ ಫೋನಿನಲ್ಲಿ ಹೇಳಿದರೆ ನಿಮ್ಮ ಉತ್ತರವೇನು? "ಮಾರಿಬಿಡು" ಅಂತ ತಾನೆ? ನಮ್ಮ ಹಳ್ಳಿಗಳಲ್ಲಿ ಮೊಟ್ಟೆಯ ದುಡ್ಡು ಹೆಂಗಸರ ಸೆರಗಿನ ಗಂಟಿನ ದುಡ್ಡು. ಅದನ್ನು ಅಷ್ಟು ಸುಲಭವಾಗಿ ಬಿಟ್ಟುಕೊಡಬೇಡಿ. ಮೊದಲು ಆ ಕೋಳಿಗೆ ಏನು ಹಾಕುತ್ತಿದ್ದಾರೆ ಎಂದು ಕೇಳಿ.

ನಾಟಿ ಕೋಳಿ ಕಾವು ಕೂರುತ್ತದೆ, ಮೊಟ್ಟೆ ಕಡಿಮೆ. ಅದು ಅದರ ಗುಣ. ಆದರೆ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಗಿರಿರಾಜ ತಂದು ಸಾಕಿದರೂ, ಬರೀ ರಾಗಿ ನುಚ್ಚು ಎರಚಿದರೆ ಗತಿ ಅಷ್ಟೇ!

ಲೆಕ್ಕ ನೋಡಿ. ಒಂದು ಮೊಟ್ಟೆಯ ಚಿಪ್ಪಿನಲ್ಲಿ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಇರುತ್ತದೆ. ತಿಂದದ್ದರಲ್ಲಿ ಅರ್ಧದಷ್ಟು ಮಾತ್ರ ಮೈಗೆ ಹತ್ತುವುದರಿಂದ ದಿನಾ ಮೊಟ್ಟೆ ಇಡುವ ಕೋಳಿಗೆ 4 ಗ್ರಾಂ ಬೇಕು. ನಮ್ಮ ರಾಗಿ ಧಾನ್ಯಗಳಲ್ಲೇ ಗಟ್ಟಿ, ನಿಜ. ಆದರೂ 100 ಗ್ರಾಂ ರಾಗಿಯಲ್ಲಿ ಇರುವುದು ಅರ್ಧ ಗ್ರಾಮಿಗೂ ಕಡಿಮೆ! ಉಳಿದದ್ದನ್ನು ಕೋಳಿ ತನ್ನ ಮೂಳೆಯಿಂದಲೇ ತೆಗೆಯುತ್ತದೆ. ಚಿಪ್ಪು ತೆಳುವಾಗುತ್ತದೆ, ಕಾಲು ಸೋಲುತ್ತದೆ, ಕೊನೆಗೆ ಮೊಟ್ಟೆಯೇ ನಿಲ್ಲುತ್ತದೆ.

ಮದ್ದು ದುಬಾರಿಯಲ್ಲ. ಕಪ್ಪೆಚಿಪ್ಪಿನ ನುಚ್ಚನ್ನು ಬೇರೆ ಬಟ್ಟಲಲ್ಲಿ ಸಂಜೆ ಹೊತ್ತು ಇಡಲಿ. ಚಿಪ್ಪು ಕಟ್ಟುವುದು ಹೆಚ್ಚಾಗಿ ರಾತ್ರಿ. ಬೇಕಾದಷ್ಟನ್ನು ಕೋಳಿಯೇ ಕುಕ್ಕಿಕೊಳ್ಳುತ್ತದೆ. ಗೋಡೆಗೆ ಬಳಿಯುವ ಸುಣ್ಣ ಮಾತ್ರ ಬೇಡ, ಬಾಯಿ ಸುಡುತ್ತದೆ.

ಇನ್ನು ಪ್ರೋಟೀನು. ಮೊಟ್ಟೆ ಕೋಳಿಯ ಆಹಾರದಲ್ಲಿ ಇದು ನೂರಕ್ಕೆ 16ರಿಂದ 18 ಭಾಗ ಇರಬೇಕು. ಮುಸುಕಿನ ಜೋಳ ಶಕ್ತಿ ಕೊಡುತ್ತದೆ, ಹಳದಿಗೆ ಬಣ್ಣ ಕೊಡುತ್ತದೆ. ಆದರೆ ಅದರಲ್ಲಿರುವ ಪ್ರೋಟೀನು ನೂರಕ್ಕೆ 9ರ ಆಸುಪಾಸು. ಕೊರತೆ ತುಂಬಲು ಸೋಯಾ ಹಿಂಡಿಯೋ ಕಡಲೆಕಾಯಿ ಹಿಂಡಿಯೋ ಸೇರಬೇಕು. ಪಾವಗಡ, ಮಧುಗಿರಿ ಸೀಮೆ ಕಡಲೆಕಾಯಿಯ ಸೀಮೆಯೇ! ಆದರೆ ಹಿಂಡಿಗೆ ಬೂಷ್ಟು ಹಿಡಿದಿದ್ದರೆ ತಿಪ್ಪೆಗೆ ಎಸೆಯಿರಿ. ಆ ಬೂಷ್ಟಿನ ವಿಷ ಕೋಳಿಯ ಈಲಿಯನ್ನೇ ತಿನ್ನುತ್ತದೆ. ಹಿತ್ತಲಲ್ಲಿ ಹುಳು ಕೆದಕಿ ತಿನ್ನುವ ಕೋಳಿಗೆ ಸಂಜೆ ಒಂದು ಹಿಡಿ ಸಾಕು. ಗೂಡಲ್ಲೇ ಕೂಡಿಹಾಕಿದ ಫಾರಂ ಕೋಳಿಗೆ ದಿನಕ್ಕೆ 110ರಿಂದ 120 ಗ್ರಾಂ ಪೂರ್ತಿ ಆಹಾರವೇ ಬೇಕು. ಅದರ ಎರಡರಷ್ಟು ನೀರೂ ಬೇಕು. ನಮ್ಮ ಕಡೆಯ ಬೇಸಿಗೆಯಲ್ಲಿ ನೀರು ತಪ್ಪಿದರೆ ಯಾವ ಹಿಂಡಿಯೂ ಉಪಯೋಗಕ್ಕೆ ಬರದು.

ಇಲ್ಲೇ ನಿಮ್ಮ ಕೆಲಸ ಬರುವುದು. ಮೊಟ್ಟೆ ಕೋಳಿಯ ಆಹಾರವನ್ನು ಮರಿಗಳಿಗೆ ಹಾಕಬಾರದು. ಅದರ ಹೆಚ್ಚಿನ ಕ್ಯಾಲ್ಸಿಯಂ ಮರಿಯ ಮೂತ್ರಪಿಂಡ ಕೆಡಿಸುತ್ತದೆ. ಚೀಲದ ಮೇಲೆ 'ಲೇಯರ್' ಎಂದು ಇಂಗ್ಲಿಷಿನಲ್ಲಿ ಮಾತ್ರ ಇದ್ದರೆ ನಿಮ್ಮಮ್ಮ ಅದನ್ನು ಓದುವುದು ಹೇಗೆ? ಕೊಡಿಗೇನಹಳ್ಳಿ ಗಡಿಯ ಊರು, ಹಿಂದೂಪುರ ದೂರವಿಲ್ಲ. ಚೀಲ ಯಾವ ರಾಜ್ಯದಿಂದಲೇ ಬರಲಿ, ಕನ್ನಡನಾಡಿನಲ್ಲಿ ಮಾರುವವನು ಯಾವ ವಯಸ್ಸಿನ ಕೋಳಿಗೆ, ಎಷ್ಟು ಪ್ರೋಟೀನು, ಎಂದು ತಯಾರಾದದ್ದು ಎಂಬುದನ್ನು ಕನ್ನಡದಲ್ಲಿ ಬರೆಯಲಿ!

ಅಂಗಡಿ ಬೋರ್ಡಿನ ಕನ್ನಡಕ್ಕೆ ಬೀದಿಗಿಳಿಯುವ ಗೆಳೆಯರೇ, ಮುಂದಿನ ಸಲ ಊರಿಗೆ ಹೋದಾಗ ಆ ಚೀಲವನ್ನು ತಿರುಗಿಸಿ ನೋಡಿ. ಕನ್ನಡ ಇಲ್ಲವೇ? ಕಂಪನಿಗೆ ಪತ್ರ ಬರೆಯಿರಿ, ತಾಲ್ಲೂಕಿನ ಪಶು ಆಸ್ಪತ್ರೆಗೆ ಹೋಗಿ ಕನ್ನಡದ ಕೈಪಿಡಿ ಕೇಳಿ. ಅದು ಕೈಗೆ ಬರುವವರೆಗೆ, ಈ ಪುಟವನ್ನೇ ಅಮ್ಮನಿಗೆ ಓದಿ ಹೇಳಿ.