ಮಹಜರಿನಲ್ಲಿ ಇಲ್ಲದ ಮಾತು

‘ಲಾಡ್ಜ್ ಮೇಲೆ ಪೊಲೀಸ್ ದಾಳಿ: ಹೊರರಾಜ್ಯದ ಯುವತಿಯರ ರಕ್ಷಣೆ’. ಜಿಲ್ಲಾ ಪುಟಗಳಲ್ಲಿ ಈ ಬಗೆಯ ತಲೆಬರಹ ಹೊಸದೇನಲ್ಲ. ಜೊತೆಗೆ ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡು ಕೂತ ಹೆಂಗಸರ ಫೋಟೊ. ದಾಳಿ ಮಾಡಿದ ಅಧಿಕಾರಿಯ ಹೆಸರು, ವಶವಾದ ಮೊಬೈಲು, ನಗದು ಎಲ್ಲವೂ ಸುದ್ದಿಯಲ್ಲಿರುತ್ತದೆ. ಆ ಹೆಂಗಸರನ್ನು ಆಮೇಲೆ ಎಲ್ಲಿಗೆ ಕಳಿಸಿದರು, ಹೋಗಲು ಅವರಿಗೆ ಒಪ್ಪಿಗೆಯಿತ್ತೇ ಎಂಬುದು ಮಾತ್ರ ಇರುವುದಿಲ್ಲ. ವಯಸ್ಕ ಹೆಂಗಸೊಬ್ಬಳನ್ನು ಅವಳ ಮಾತು ಕೇಳದೆ ಕೂಡಿಹಾಕಿದರೆ, ರಕ್ಷಣೆ ಎಂದು ಹೆಸರಿಟ್ಟರೂ ಅದು ಶಿಕ್ಷೆಯೇ.

1956ರ ಅನೈತಿಕ ಸಾಗಾಣಿಕೆ ತಡೆ ಕಾಯ್ದೆ ಮುಖ್ಯವಾಗಿ ಗುರಿಯಿಟ್ಟದ್ದು ದಂಧೆ ನಡೆಸುವವರ ಮೇಲೆ. ಮನೆ, ಲಾಡ್ಜು ಕೊಟ್ಟವನು, ಕರೆತಂದವನು, ಕೂಡಿಹಾಕಿದವನು, ಆ ದುಡ್ಡಿನಲ್ಲಿ ಬದುಕುವವನು ಅಪರಾಧಿ. ಹೆಂಗಸಿಗೆ ನೇರವಾಗಿ ತಗಲುವುದು ಮುಖ್ಯವಾಗಿ ಎರಡು ಕಲಂ: ಸಾರ್ವಜನಿಕ ಸ್ಥಳದ ಆಸುಪಾಸಿನ ನಿಷೇಧ ಹೇಳುವ ಏಳನೆಯದು, ಗಿರಾಕಿಯನ್ನು ಕರೆಯುವುದಕ್ಕೆ ಸಂಬಂಧಿಸಿದ ಎಂಟನೆಯದು. ಮುಚ್ಚಿದ ಕೋಣೆಯಲ್ಲಿ ವಯಸ್ಕಳೊಬ್ಬಳು ತಾನಾಗಿ ಈ ಕೆಲಸ ಮಾಡುವುದನ್ನೇ ಕಾಯ್ದೆ ಅಪರಾಧ ಎಂದಿಲ್ಲ.

ದಾಳಿ ಹೇಗಿರಬೇಕು ಎಂಬುದನ್ನು ಇದೇ ಕಾಯ್ದೆಯ 15ನೇ ಕಲಂ ಬಿಡಿಸಿ ಹೇಳುತ್ತದೆ. ವಾರಂಟ್ ಇಲ್ಲದೆ ಒಳನುಗ್ಗುವ ಅಧಿಕಾರ ಕೊಟ್ಟಿದೆ, ಆದರೆ ಅದನ್ನು ಎಲ್ಲರ ಕೈಗೂ ಕೊಟ್ಟಿಲ್ಲ. ವಿಶೇಷ ಪೊಲೀಸ್ ಅಧಿಕಾರಿ ಇನ್‌ಸ್ಪೆಕ್ಟರ್ ದರ್ಜೆಗಿಂತ ಕೆಳಗಿನವರಾಗುವಂತಿಲ್ಲ. ಜೊತೆಯಲ್ಲಿ ಕನಿಷ್ಠ ಇಬ್ಬರು ಮಹಿಳಾ ಪೊಲೀಸರಿರಬೇಕು. ಸ್ಥಳೀಯರಾದ ಇಬ್ಬರು ಗೌರವಸ್ಥರು ಪಂಚರಾಗಬೇಕು, ಅವರಲ್ಲಿ ಒಬ್ಬಳಾದರೂ ಹೆಣ್ಣಾಗಿರಬೇಕು. ಸಿಕ್ಕ ಹೆಂಗಸನ್ನು ವಿಚಾರಿಸಬೇಕಾದವರು ಮಹಿಳಾ ಅಧಿಕಾರಿ. ಅವರಿಲ್ಲದಿದ್ದರೆ ಮಾನ್ಯತೆ ಪಡೆದ ಸಂಸ್ಥೆಯ ಮಹಿಳೆಯೊಬ್ಬರ ಎದುರು ವಿಚಾರಣೆ. ನಮ್ಮ ಹಾಸನ ಜಿಲ್ಲೆಯ ಚನ್ನರಾಯಪಟ್ಟಣದ ಹೆದ್ದಾರಿ ಬದಿಯ ಲಾಡ್ಜೋ ಅರಕಲಗೂಡಿನ ಬಾಡಿಗೆ ಮನೆಯೋ, ರಾತ್ರಿ ಹನ್ನೊಂದಕ್ಕೆ ಬಾಗಿಲು ಬಡಿದಾಗಲೂ ಈ ನಿಯಮ ಸಡಿಲವಾಗುವುದಿಲ್ಲ. ‘ಆ ಹೊತ್ತಿನಲ್ಲಿ ಲೇಡಿ ಪಿಸಿ ಎಲ್ಲಿಂದ ತರೋಣ, ಪಂಚರಾಗಿ ಯಾವ ಹೆಂಗಸು ಬರುತ್ತಾಳೆ’ ಎಂಬುದು ಸಣ್ಣ ಊರಿನ ನಿಜವಾದ ತೊಡಕು. ಆ ತೊಡಕಿನ ಬೆಲೆಯನ್ನು ಒಳಗಿರುವವಳು ತೆರಬೇಕಿಲ್ಲ. ಸಿಬ್ಬಂದಿ ಸಿಗುವವರೆಗೆ ದಾಳಿ ಕಾಯಲಿ.

ಇದಕ್ಕೆ ಎದುರಾಗಿ ಬರುವ ಒಂದು ವಾದಕ್ಕೆ ತೂಕವಿದೆ. ‘ಸ್ವಂತ ಇಚ್ಛೆ’ ಎಂಬ ಮಾತು ಬೆದರಿಕೆಯಲ್ಲಿ ಬಂದದ್ದೋ ಮನಸ್ಸಿನಿಂದ ಬಂದದ್ದೋ ಎಂದು ಬಾಗಿಲಲ್ಲೇ ತಿಳಿಯುವುದು ಹೇಗೆ? 2021ರ ಮೇ ತಿಂಗಳಲ್ಲಿ ಬೆಂಗಳೂರಿನ ರಾಮಮೂರ್ತಿನಗರದ ಪ್ರಕರಣ ಹೊರಬಂತು. ಬಾಂಗ್ಲಾದೇಶದಿಂದ ಸಾಗಿಸಿ ತಂದ ಯುವತಿಯ ಮೇಲೆ ಅದೇ ಜಾಲದವರು ಸಾಮೂಹಿಕ ಅತ್ಯಾಚಾರ ಮಾಡಿ ಚಿತ್ರೀಕರಿಸಿದ್ದರು. ಪೊಲೀಸರು ಅವಳನ್ನು ಕೇರಳದಲ್ಲಿ ಪತ್ತೆಹಚ್ಚಿದರು, ಮರುವರ್ಷ ನ್ಯಾಯಾಲಯ 7 ಮಂದಿಗೆ ಜೀವಾವಧಿ ವಿಧಿಸಿತು. ಇಂಥವಳ ಪಾಲಿಗೆ ಪೊಲೀಸರು ಬಾರದೆ ಇರುವುದೇ ದ್ರೋಹ. 18 ತುಂಬದ ಹುಡುಗಿಯ ವಿಷಯದಲ್ಲಂತೂ ಒಪ್ಪಿಗೆಯ ಪ್ರಶ್ನೆಯೇ ಏಳದು. ಆದರೆ ಈ ವಾದದಿಂದ ಹೊರಡುವ ತೀರ್ಮಾನ ಎಲ್ಲರನ್ನೂ ಒಟ್ಟಿಗೆ ವ್ಯಾನಿಗೆ ಹತ್ತಿಸಿ ಎಂದಲ್ಲ. ಪ್ರತಿಯೊಬ್ಬಳನ್ನೂ ಬೇರೆಯಾಗಿ ಕೂರಿಸಿ, ಅವಳಿಗೆ ಅರ್ಥವಾಗುವ ಭಾಷೆಯಲ್ಲಿ, ದಲ್ಲಾಳಿಯೂ ಖಾಕಿಯೂ ಹತ್ತಿರವಿಲ್ಲದ ಕಡೆ ಮಾತಾಡಿಸಿ ಎಂದು. 17ನೇ ಕಲಂ ಮ್ಯಾಜಿಸ್ಟ್ರೇಟರಿಗೆ ಒಪ್ಪಿಸಿರುವ ವಿಚಾರಣೆಯ ಅರ್ಥವೇ ಅದು.

ಆ ವಿಚಾರಣೆ ನೆಪಕ್ಕೆ ನಡೆದರೆ ಏನಾಗುತ್ತದೆ ಎಂಬುದಕ್ಕೆ ಮುಂಬೈನ ಮಲಾಡ್ ಪ್ರಕರಣ ನೋಡಬೇಕು. 2019ರಲ್ಲಿ ಅಲ್ಲಿನ ದಾಳಿಯಲ್ಲಿ ಉತ್ತರ ಪ್ರದೇಶ ಮೂಲದ ಮೂವರು ವಯಸ್ಕ ಯುವತಿಯರು ಸಿಕ್ಕರು. ಅವರ ಮೇಲೆ ಯಾವ ಆರೋಪವೂ ಇರಲಿಲ್ಲ. ಅವರದು ಬೇಡಿಯಾ ಸಮುದಾಯ, ಆ ಜಾತಿಯಲ್ಲಿ ಇದೇ ಪದ್ಧತಿ ಎಂಬ ಕಾರಣಕ್ಕೆ ತಾಯಂದಿರ ವಶಕ್ಕೂ ಕೊಡದೆ, ಒಂದು ವರ್ಷ ಉತ್ತರ ಪ್ರದೇಶದ ನಾರಿ ನಿಕೇತನದಲ್ಲಿಡಿ ಎಂದು ಮ್ಯಾಜಿಸ್ಟ್ರೇಟ್ ಆದೇಶಿಸಿದರು. ಬಾಂಬೆ ಹೈಕೋರ್ಟ್ 2020ರ ಸೆಪ್ಟೆಂಬರಿನಲ್ಲಿ ಅದನ್ನು ರದ್ದು ಮಾಡಿತು: ವಯಸ್ಕ ಹೆಣ್ಣಿಗೆ ತನ್ನ ವೃತ್ತಿ ಆರಿಸಿಕೊಳ್ಳುವ, ದೇಶದೊಳಗೆ ಎಲ್ಲಿ ಬೇಕಾದರೂ ನೆಲೆಸುವ ಹಕ್ಕಿದೆ, ಅವಳ ಒಪ್ಪಿಗೆಯಿಲ್ಲದೆ ಹಿಡಿದಿಡುವಂತಿಲ್ಲ. ಅಷ್ಟು ಹೊತ್ತಿಗೆ ಒಂದು ವರ್ಷ ಕಳೆದೇ ಹೋಗಿತ್ತು. ಏನೂ ತಪ್ಪು ಮಾಡದವರ ಒಂದು ವರ್ಷ!

2022ರ ಮೇ 19ರಂದು ಬುದ್ಧದೇವ್ ಕರ್ಮಾಸ್ಕರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಆದೇಶವನ್ನು ‘ಲೈಂಗಿಕ ವೃತ್ತಿ ಇನ್ನು ಕಾನೂನುಬದ್ಧ’ ಎಂದು ಹಲವರು ಸಾರಿದರು. ಅದು ಅವಸರದ ಓದು. ದಾಳಿಯಲ್ಲಿ ಸಿಕ್ಕವರನ್ನು ಬಂಧಿಸಬಾರದು ಎಂದು ನ್ಯಾಯಾಲಯವೇ ನೇಮಿಸಿದ್ದ ಸಮಿತಿ ಶಿಫಾರಸು ಮಾಡಿದ್ದು ಹೌದು, ಕೇಂದ್ರ ಸರ್ಕಾರ ಅದಕ್ಕೆ ತಕರಾರು ತೆಗೆದದ್ದೂ ಹೌದು. ತಕರಾರಿಲ್ಲದ ಶಿಫಾರಸುಗಳನ್ನು ಪಾಲಿಸಿ ಎಂದು ನ್ಯಾಯಾಲಯ ರಾಜ್ಯಗಳಿಗೆ ಹೇಳಿತು: ಬೈಗುಳ, ಹೊಡೆತ ಕೂಡದು, ಕಾಂಡೋಮ್ ಸಿಕ್ಕಿದ್ದೇ ಅಪರಾಧದ ಸಾಕ್ಷಿಯಲ್ಲ, ಇಷ್ಟವಿಲ್ಲದೆ ನಿಲಯಗಳಲ್ಲಿ ಉಳಿದಿರುವ ವಯಸ್ಕರ ಪಟ್ಟಿ ಮಾಡಿ, ದಾಳಿಯ ಹೊತ್ತಿನಲ್ಲಿ ಗುರುತು ಬಯಲು ಮಾಡಬೇಡಿ.

ಗುರುತಿನ ಮಾತನ್ನು ಹಾಸನ ಜಿಲ್ಲೆಗೆ ಹೊಸದಾಗಿ ಹೇಳಬೇಕಿಲ್ಲ. 2024ರ ಏಪ್ರಿಲ್‌ನಲ್ಲಿ, ಲೋಕಸಭಾ ಚುನಾವಣೆಯ ಹೊತ್ತಿಗೆ, ಪೆನ್‌ಡ್ರೈವ್‌ಗಳಲ್ಲಿ ಲೈಂಗಿಕ ದೌರ್ಜನ್ಯದ ದೃಶ್ಯಗಳೊಂದಿಗೆ ಹೆಂಗಸರ ಮುಖಗಳು ಊರೂರು ಸುತ್ತಿದವು. ಆ ಪ್ರಕರಣಗಳಲ್ಲೊಂದರಲ್ಲಿ, ಹೊಳೆನರಸೀಪುರದಲ್ಲಿ ಮನೆಕೆಲಸಕ್ಕಿದ್ದ ಮಹಿಳೆಯ ಅತ್ಯಾಚಾರದ ದೂರಿನ ಮೇಲೆ, 2025ರ ಆಗಸ್ಟ್‌ನಲ್ಲಿ ಮಾಜಿ ಸಂಸದ ಪ್ರಜ್ವಲ್ ರೇವಣ್ಣಗೆ ಜೀವಾವಧಿ ಶಿಕ್ಷೆಯಾಯಿತು. ಆದರೆ ದೃಶ್ಯಗಳನ್ನು ಹಂಚಿ ನೋಡಿದ ಜನ ಆ ಹೆಂಗಸರಿಗೆ ಏನು ಮಾಡಿದರೆಂದು ಜಿಲ್ಲೆಗೆ ಗೊತ್ತು. ಅದನ್ನು ಕಂಡ ಮೇಲೂ ದಾಳಿಯ ಫೋಟೊವನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವವರಿಗೆ ಕ್ಷಮೆಯಿಲ್ಲ.

ಇನ್ನು, ಗಡಿ ದಾಟಿ ಬಂದವಳಿಗೆ ಎಂಥ ಹಕ್ಕು ಎನ್ನುವವರು ಸಂವಿಧಾನದ 21ನೇ ವಿಧಿಯಲ್ಲಿ ‘ನಾಗರಿಕ’ ಎಂದಿಲ್ಲ, ‘ವ್ಯಕ್ತಿ’ ಎಂದಿದೆ ಎಂಬುದನ್ನು ಓದಿಲ್ಲ. ಹೌರಾದಲ್ಲಿ ಅತ್ಯಾಚಾರಕ್ಕೊಳಗಾದ ಬಾಂಗ್ಲಾದೇಶದ ಮಹಿಳೆಗೆ 10 ಲಕ್ಷ ರೂಪಾಯಿ ಪರಿಹಾರವನ್ನು 2000ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದದ್ದು ಅದೇ ವಿಧಿಯ ಬಲದಿಂದ. ಸಾಗಣೆಗೆ ಬಲಿಯಾದ ವಿದೇಶಿ ಮಹಿಳೆಯ ಮೇಲೆ ಆಗಿನ ವಿದೇಶಿಯರ ಕಾಯ್ದೆಯಡಿ ಆರೋಪಪಟ್ಟಿ ಹಾಕಬೇಡಿ ಎಂದು ಕೇಂದ್ರ ಗೃಹ ಸಚಿವಾಲಯವೇ 2012ರಲ್ಲಿ ಸೂಚಿಸಿತ್ತು. ವಿದೇಶಿಯಲ್ಲ ಎಂದು ಸಾಬೀತು ಮಾಡುವ ಹೊಣೆಯನ್ನು ಕಾನೂನು ಆ ವ್ಯಕ್ತಿಯ ಮೇಲೇ ಹೊರಿಸಿದೆ. ಆದ್ದರಿಂದ ಸಕಲೇಶಪುರದ ತೋಟಗಳಿಗೆ ಅಸ್ಸಾಂನಿಂದ, ಬಂಗಾಳದಿಂದ ಜನ ಬರುವ ಈ ಜಿಲ್ಲೆಯಲ್ಲಿ, ಬಂಗಾಳಿ ಮಾತಾಡಿದಳೆಂದ ಮಾತ್ರಕ್ಕೆ ಹೆಂಗಸೊಬ್ಬಳನ್ನು ಬಾಂಗ್ಲಾದೇಶಿ ಎಂದು ಬರೆದುಕೊಳ್ಳುವ ಮುನ್ನ ಅವಳ ಪಕ್ಕ ವಕೀಲರಿರಬೇಕು.

ವಕೀಲರಿಗೆ ಅವಳು ಕಾಸು ಕೊಡಬೇಕಿಲ್ಲ. ಆದಾಯ ಎಷ್ಟೇ ಇರಲಿ, ಎಲ್ಲ ಮಹಿಳೆಯರಿಗೂ ಉಚಿತ ಕಾನೂನು ನೆರವು ಸಿಗಬೇಕೆಂದು 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಹೇಳುತ್ತದೆ. ದಾಳಿ ಮುಗಿದ ಕೂಡಲೇ ಠಾಣೆಯಿಂದ ಹಾಸನದ ಜಿಲ್ಲಾ ಪ್ರಾಧಿಕಾರಕ್ಕೆ ಒಂದು ಕರೆ ಹೋಗುವುದು ಕಡ್ಡಾಯವಾಗಲಿ. ಠಾಣೆ ಮಾಡದಿದ್ದರೆ ಕಂಡವರು ಯಾರು ಬೇಕಾದರೂ ಮಾಡಬಹುದು; ಸಹಾಯವಾಣಿ ಸಂಖ್ಯೆ 15100.